ಅಧಃಪತನಕ್ಕೊಂದು ಸನ್ನೆ

ಆರೋಪಪಟ್ಟಿಯ ಮೊದಲ ಸಾಲಿನಲ್ಲೇ ದುಭಾಷಿಯ ಕೈ ನಿಂತುಹೋಯಿತು. ಹದಿನೆಂಟು ವರ್ಷದಿಂದ ಕಿವುಡರಿಗೂ ಕಿವಿಯುಳ್ಳವರಿಗೂ ನಡುವೆ ಕೂತು ಹೊಟ್ಟೆ ಹೊರೆದವಳು ಅವಳು. ಆಸ್ಪತ್ರೆ, ಪೊಲೀಸ್ ಠಾಣೆ, ಹೆಣ್ಣು ನೋಡುವ ಶಾಸ್ತ್ರ, ಒಮ್ಮೆ ಹಲ್ಲು ಕೀಳುವ ಕುರ್ಚಿಯ ಪಕ್ಕದಲ್ಲೂ ನಿಂತು ಕೈಯಾಡಿಸಿದ್ದಳು. ಆದರೆ 'ನೈತಿಕ ಅಧಃಪತನ' ಎಂಬುದಕ್ಕೆ ಅವಳ ಬಳಿ ಸನ್ನೆ ಇರಲಿಲ್ಲ. ಕಿವುಡರು ಬೈಯುವುದಿಲ್ಲವೆಂದಲ್ಲ, ಧಾರಾಳವಾಗಿ ಬೈಯುತ್ತಾರೆ. ಕಳ್ಳ, ಕುಡುಕ, ಸುಳ್ಳುಬುರುಕ, ಎಲ್ಲರಿಗೂ ಒಳ್ಳೊಳ್ಳೆ ಸನ್ನೆಗಳಿವೆ. ಈ ಪದವೊಂದು ಮಾತ್ರ ಅವರ ಮನೆಗಳಿಗೆ ಇನ್ನೂ ಕಾಲಿಟ್ಟಿರಲಿಲ್ಲ.

ಮೇಜಿನ ಆಚೆ ಬಟ್ಟೆ ಕಾರ್ಖಾನೆಯ ಮ್ಯಾನೇಜರು, ಅವರ ಪಕ್ಕ ಕಂಪನಿಯ ವಕೀಲರು, ಮೂಲೆಯಲ್ಲಿ ನಡಾವಳಿ ಬರೆಯುವ ಗುಮಾಸ್ತೆ. ಈಚೆ ಇಸ್ತ್ರಿಯವನು. ಹುಟ್ಟುಕಿವುಡ, ಹತ್ತೊಂಬತ್ತು ವರ್ಷದಿಂದ ಉಗಿ ಇಸ್ತ್ರಿಯ ಮೇಜಿನಲ್ಲಿ ಕೆಲಸ. ಮುಂಗೈ ಮೇಲೆ ಹಳೆಯ ಸುಟ್ಟ ಗೆರೆಗಳು, ಮೈಮೇಲೆ ಒಂದು ಸುಕ್ಕೂ ಇಲ್ಲದ ಅಂಗಿ. ಕತ್ತರಿ ಮೇಜಿನ ಗೆಳೆಯನೊಬ್ಬನ ಹಾಜರಿ ಕಾರ್ಡನ್ನು ಹದಿನಾಲ್ಕು ತಿಂಗಳು ತಾನೇ ಯಂತ್ರಕ್ಕೆ ಒತ್ತಿದ್ದ. ಹಾಸಿಗೆ ಹಿಡಿದ ತಾಯಿಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಆ ಗೆಳೆಯನಿಗೆ ದಿನಾ ಇಪ್ಪತ್ತು ನಿಮಿಷ ತಡವಾಗುತ್ತಿತ್ತು. ಇಸ್ತ್ರಿಯವನು ಇದನ್ನು ಮೊದಲೇ ಒಪ್ಪಿಕೊಂಡಿದ್ದ. ಉಳಿದದ್ದು ಒಂದೇ ಪ್ರಶ್ನೆ. ನಿಯಮದ ಪುಸ್ತಕದಲ್ಲಿ ನಿರ್ಲಕ್ಷ್ಯಕ್ಕೆ ಮೂರು ದಿನದ ಅಮಾನತು, ನೈತಿಕ ಅಧಃಪತನಕ್ಕೆ ಕೆಲಸದಿಂದಲೇ ವಜಾ. ಐವತ್ತರ ಕಿವುಡನಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂಬುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಈ ಪದ ಅರ್ಥ ಮಾಡಿಸಿ," ಎಂದಳು ದುಭಾಷಿ. "ಇದಕ್ಕೆ ಸನ್ನೆ ಇಲ್ಲ. ಅರ್ಥ ಗೊತ್ತಾದ್ರೆ ಒಂದು ಮಾಡ್ಕೋಬಹುದು."

"ಅಧಃಪತನ ಅಂದ್ರೆ ಅಧಃಪತನ," ಎಂದರು ಮ್ಯಾನೇಜರು. "ಅದರಲ್ಲಿ ಅರ್ಥ ಮಾಡಿಸೋಕೆ ಏನಿದೆ?"

ದುಭಾಷಿ ಇದನ್ನೂ ಸನ್ನೆ ಮಾಡಿ ತೋರಿಸಿದಳು. ಅವಳ ಕೆಲಸದ ಕಟ್ಟಳೆಯೇ ಹಾಗೆ. ಕೋಣೆಯಲ್ಲಿ ಕೇಳಿಸಿದ್ದೆಲ್ಲ ಕೈಗೆ ಬರಬೇಕು, ಕೈಯಲ್ಲಿ ಕಂಡದ್ದೆಲ್ಲ ಬಾಯಿಗೆ ಬರಬೇಕು, ಅದೂ 'ನಾನು' ಎಂದೇ. ವಕೀಲರಿಗೆ ಮನೆಯಿಂದ ಫೋನು ಬಂದಾಗ ಅವರ ಅಡುಗೆಮನೆಯ ನಲ್ಲಿ ಸೋರುತ್ತಿರುವುದನ್ನೂ ತೋರಿಸಿದಳು. ಇಸ್ತ್ರಿಯವನು ಉತ್ತರ ಕೊಟ್ಟ. "ನಲ್ಲಿ ಬದಲಾಯಿಸಬೇಡಿ, ಒಳಗಿನ ವಾಷರ್ ಸವೆದಿರುತ್ತೆ, ಅದೊಂದು ಹಾಕಿ ಸಾಕು," ಎಂದು ದುಭಾಷಿ ಗಂಭೀರವಾಗಿ ಹೇಳಿದಳು. ವಕೀಲರು ಫೋನಿನಲ್ಲಿ ಅದನ್ನೇ ಹೇಳಿದರು.

ಆಮೇಲೆ ಪದದ ವಿಚಾರಣೆ ನಡೆಯಿತು. ಮ್ಯಾನೇಜರ ಪ್ರಕಾರ ಅವರ ಮಗ ಬೆಳಿಗ್ಗೆ ಹತ್ತಕ್ಕೆ ಏಳುವುದು ಅಧಃಪತನ. ಗುಮಾಸ್ತೆ ತಲೆಯೆತ್ತದೆ, ತನ್ನ ಅತ್ತೆಯ ಮನೆಯಲ್ಲಿ ನಾದಿನಿ ಕೂದಲು ಕತ್ತರಿಸಿಕೊಂಡಾಗ ಇದೇ ಪದ ಬಂದಿತ್ತೆಂದಳು. ವಕೀಲರು ಇಬ್ಬರನ್ನೂ ಸುಮ್ಮನಿರಿಸಿ, "ಮೊದಲು ಒಳ್ಳೆಯವನಾಗಿದ್ದವನು ನಡತೆಯಲ್ಲಿ ಕೆಳಗೆ ಬರೋದು, ಅಷ್ಟೇ," ಎಂದರು.

ದುಭಾಷಿ ಅಂಗೈಯನ್ನು ಎದೆಯ ಮಟ್ಟಕ್ಕೆ ಅಡ್ಡ ಹಿಡಿದು ಮೆಲ್ಲಗೆ ಸೊಂಟದವರೆಗೆ ಇಳಿಸಿದಳು. ಸನ್ನೆ ಹುಟ್ಟಿತು. ಇಸ್ತ್ರಿಯವನು ಅದನ್ನು ಒಮ್ಮೆ ತಾನೂ ಮಾಡಿ ನೋಡಿ, ಹುಬ್ಬು ಗಂಟಿಕ್ಕಿ ಕೇಳಿದ.

ದುಭಾಷಿ ಬಾಯಿಗೆ ತಂದಳು. "ನಾನು ಮೊದಲು ಒಳ್ಳೆಯವನಾಗಿದ್ದೆ ಅಂತ ನೀವು ಯಾವತ್ತು ಹೇಳಿದ್ರಿ?"

ವಕೀಲರು ಕಡತ ಬಿಡಿಸಿದರು. ಹತ್ತೊಂಬತ್ತು ವರ್ಷಕ್ಕೆ ಮೂರು ಕಾಗದ: ನೇಮಕದ ಪತ್ರ, ಅಪ್ಪ ಸತ್ತಾಗ ಕೇಳಿದ್ದ ಎರಡು ದಿನದ ರಜಾಚೀಟಿ, ಊಟದ ಕೋಣೆಯಲ್ಲಿ ನಗುವಾಗ ವಿಚಿತ್ರ ಸದ್ದು ಮಾಡಕೂಡದೆಂಬ ಎಚ್ಚರಿಕೆ ಪತ್ರ.

"ಇದು ಸಾಲದು," ಎಂದರು ವಕೀಲರು. "ಒಳ್ಳೆಯವನಾಗಿದ್ದ ಅಂತ ಕಡತದಲ್ಲಿ ಇಲ್ಲದೆ ಕೆಟ್ಟ ಅಂತ ಬರೆದ್ರೆ, ಮೇಲ್ಮನವೀಲಿ ನನ್ನ ಮಾನ ಹರಾಜಾಗುತ್ತೆ. ಮೊದಲು ಅದನ್ನ ಬರೆಸಿ."

ಹೀಗೆ ಒಬ್ಬನನ್ನು ಕೆಲಸದಿಂದ ಕಿತ್ತುಹಾಕುವುದಕ್ಕಾಗಿ ಅವನನ್ನು ಹೊಗಳುವ ಕೆಲಸ ಶುರುವಾಯಿತು. ಮ್ಯಾನೇಜರು ತಲೆ ಕೆರೆದುಕೊಂಡು ಬರೆಸಿದರು: ಸದರಿ ನೌಕರ ಒಂದು ದಿನವೂ ತಡವಾಗಿ ಬಂದಿಲ್ಲ. ಒಂದು ಅಂಗಿಯನ್ನೂ ಸುಟ್ಟಿಲ್ಲ. ಹೊಸಬರಿಗೆ ಕೈ ಸುಡದ ಹಾಗೆ ಇಸ್ತ್ರಿಪೆಟ್ಟಿಗೆ ಹಿಡಿಯುವುದನ್ನು ಕಲಿಸಿದವನು ಅವನೇ. ಗುಮಾಸ್ತೆಯ ಪೆನ್ನು ನಿಂತಿತು. "ಅಂಗಿ ಕಟ್ಟಿನೊಳಗೆ ಉಂಗುರ ಸಿಕ್ಕಿದ್ದೂ ಸೇರಿಸ್ಲಾ ಸಾರ್? ಅದು ನಂದು. ಇವರೇ ಹುಡುಕ್ಕೊಂಡು ಬಂದು ಕೊಟ್ರು. ಏನು ಹೇಳ್ಬೇಕೋ, ಹೇಗೆ ಹೇಳ್ಬೇಕೋ ಗೊತ್ತಾಗದೆ ನಾನು ಸುಮ್ಮನೆ ಒಳಗೆ ಹೋಗ್ಬಿಟ್ಟೆ."

ದುಭಾಷಿಯ ಕೈಗಳು ಒಂದೊಂದನ್ನೇ ತೋರಿಸುತ್ತ ಹೋದವು. ಇಸ್ತ್ರಿಯವನು ಮಿಸುಕಾಡದೆ ನೋಡುತ್ತಿದ್ದ. ಅಂಗಿಯ ಮಾತು ಬಂದಾಗ ಮಾತ್ರ, ಅದನ್ನು ಇನ್ನೊಮ್ಮೆ ಹೇಳಿಸು ಎಂದ. ಮ್ಯಾನೇಜರು ಇನ್ನೊಮ್ಮೆ ಹೇಳಿದರು. ಅವನ ಕಣ್ಣು ತುಂಬಿತು, ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು.

ಪುಟ ತುಂಬುವಷ್ಟರಲ್ಲಿ ಕಿತ್ತುಹಾಕುವ ಹುಮ್ಮಸ್ಸು ಯಾರಿಗೂ ಉಳಿದಿರಲಿಲ್ಲ. "ಹೊಟ್ಟೆಗೆ ಹಾಕ್ಕೊಳ್ಳೋದಾ ಸಾರ್?" ಎಂದರು ಮ್ಯಾನೇಜರು ವಕೀಲರ ಕಿವಿಯಲ್ಲಿ. ದುಭಾಷಿ ಅದನ್ನೂ ತೋರಿಸಿದಳು.

"ಒಂದು ಪ್ರಶ್ನೆ ಕೇಳ್ಳೇಬೇಕು," ಎಂದರು ವಕೀಲರು. "ಇನ್ನು ಮಾಡಲ್ಲ ಅಂದ್ರೆ ನಿರ್ಲಕ್ಷ್ಯ, ಮೂರು ದಿನ. ಮಾಡ್ತೀನಿ ಅಂದ್ರೆ ನನ್ನ ಕೈಲಿ ಏನೂ ಇಲ್ಲ." ಹೇಳುತ್ತ ಅವರು ತಮಗೇ ಅರಿವಿಲ್ಲದೆ ಅಂಗೈಯನ್ನು ಎದೆಯಿಂದ ಸೊಂಟಕ್ಕೆ ಇಳಿಸಿದರು.

ದುಭಾಷಿ ಕೇಳಿದಳು. ಇಸ್ತ್ರಿಯವನು ಯೋಚಿಸಲೂ ಇಲ್ಲ. ಮಾಡ್ತೀನಿ, ಎಂದವು ಅವನ ಕೈಗಳು. ಗೆಳೆಯನ ತಾಯಿ ಇರೋ ತನಕ ಮಾಡ್ತೀನಿ. ತಾಯಿನ ಬಿಟ್ಟು ಬಾ ಅಂತ ಅವನಿಗೆ ಹೇಳೋ ಮುಖ ನನಗಿಲ್ಲ.

ಎಲ್ಲರೂ ದುಭಾಷಿಯ ಬಾಯನ್ನೇ ನೋಡುತ್ತಿದ್ದರು. ಅವಳು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾತು ತಿರುಚಿದ್ದಳು, ಒಂಬತ್ತನೇ ವಯಸ್ಸಿನಲ್ಲಿ. ಅವಳ ಅಪ್ಪನೂ ಕಿವುಡ. ಶಾಲೆಯಲ್ಲಿ ಟೀಚರು ಅವನನ್ನು ಕರೆಸಿ, "ನಿಮ್ಮ ಮಗಳು ಸುಳ್ಳು ಕಲಿತು ಕೆಟ್ಟುಹೋಗ್ತಿದ್ದಾಳೆ," ಎಂದಿದ್ದರು. ಅದನ್ನು ಅಪ್ಪನಿಗೆ ದಾಟಿಸಬೇಕಾದವಳು ಅವಳೇ. ನಾನು ತುಂಬಾ ಜಾಣೆಯಂತೆ, ಎಂದು ಸನ್ನೆ ಮಾಡಿದ್ದಳು. ಅಪ್ಪ ಅವತ್ತೇ ಸಂಜೆ ಒಂದು ಪೆನ್ನು ತಂದುಕೊಟ್ಟಿದ್ದ. ಆ ಪೆನ್ನಿನ ನಾಚಿಕೆಗೆ ಅವಳು ಮತ್ತೆಂದೂ ಒಂದು ಪದ ಆಚೀಚೆ ಮಾಡಿರಲಿಲ್ಲ. ಅಪ್ಪ ಸತ್ತು ಆರು ವರ್ಷವಾಗಿತ್ತು. ನಿಜ ಹೇಳಿಕೊಳ್ಳುವುದು ಹಾಗೇ ಉಳಿದಿತ್ತು.

"ನಾನು ಇನ್ನು ಮಾಡಲ್ಲ ಸಾರ್," ಎಂದಳು ದುಭಾಷಿ.

ಗುಮಾಸ್ತೆ ಬರೆದುಕೊಂಡಳು. ಮೂರು ದಿನ ಅಮಾನತು. ಮ್ಯಾನೇಜರು ಎದ್ದು ಇಸ್ತ್ರಿಯವನ ಕೈ ಕುಲುಕಿದರು. ಅವನು ಕೈಯನ್ನು ಅವರಿಗೆ ಕೊಟ್ಟು, ಕಣ್ಣನ್ನು ದುಭಾಷಿಯ ಮೇಲಿಂದ ತೆಗೆಯಲಿಲ್ಲ.

ಗೇಟಿನಾಚೆ ಬಸ್ ನಿಲ್ದಾಣದಲ್ಲಿ ಅವನು ಅವಳೆದುರು ಬಂದು ನಿಂತ. ನಾನು ಹೇಳಿದ್ದನ್ನ ನೀನು ಹೇಳಲಿಲ್ಲ, ಎಂದ.

ಅವಳಿಗೆ ಇನ್ನೊಂದು ಸುಳ್ಳಿಗೆ ತ್ರಾಣವಿರಲಿಲ್ಲ. ಇಲ್ಲ, ಎಂದಳು. ಮಾಡಲ್ಲ ಅಂದೆ.

ಅವನು ಅಂಗೈಯನ್ನು ಅವಳ ಮುಖದ ಮುಂದೆ ಎದೆಮಟ್ಟಕ್ಕೆ ಹಿಡಿದು ಮೆಲ್ಲಗೆ ಸೊಂಟದವರೆಗೆ ಇಳಿಸಿದ. ಅವಳು ತಲೆ ತಗ್ಗಿಸಿದಳು. ನಾಚಿಕೆಯಾಯಿತು, ಅಳುವೂ ಬಂತು. ಅವನು ಭುಜ ತಟ್ಟಿ ತಲೆ ಎತ್ತಿಸಿದ, ಇನ್ನೂ ಮುಗಿದಿಲ್ಲ ಎಂಬಂತೆ.

ಮೊದಲು ಒಳ್ಳೆಯವಳಾಗಿದ್ದೆ, ಎಂದ. ಬೇಕಾದರೆ ಬರೆದುಕೊಡ್ತೀನಿ.

ನಗು ಬಂತು ಅವಳಿಗೆ, ಅಳುವಿನ ಮಧ್ಯೆಯೇ. ಅವನೂ ನಕ್ಕ, ಎಚ್ಚರಿಕೆ ಪತ್ರ ತರಿಸಿದ್ದ ಆ ವಿಚಿತ್ರ ಸದ್ದು ಮಾಡಿಕೊಂಡು. ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು.

ನಿನಗೆ ಹೇಗೆ ಗೊತ್ತಾಯ್ತು, ಎಂದು ಅವಳು ಕೇಳಿದಳು. ತುಟಿ ಓದಿದೆಯಾ?

ತುಟಿ ಯಾಕೆ, ಎಂದ ಅವನು. ಸುಳ್ಳು ಹೇಳುವಾಗ ನಿನ್ನ ಮುಖದಲ್ಲೇ ಕಾಣುತ್ತೆ. ಯಾವ ಕಿವುಡನಿಗಾದರೂ ಗೊತ್ತಾಗುತ್ತೆ.

ಅವನ ಬಸ್ಸು ಬಂತು, ಅವನು ಹತ್ತಿ ಹೋದ. ಅವಳದೂ ಬಂತು, ಅವಳು ಹತ್ತಲಿಲ್ಲ. ಅಪ್ಪ ಅವತ್ತು ಶಾಲೆಯಿಂದ ಮನೆಯವರೆಗೆ ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತ ನಡೆದಿದ್ದ. ಆಮೇಲೆ ಹೋಗಿ ಪೆನ್ನು ತಂದಿದ್ದ.