ಗುರುವಾರ ಹುಟ್ಟುವ ಸರ್ಟಿಫಿಕೇಟ್

ಮಂಗಳವಾರ ಮೂರೂ ಇಪ್ಪತ್ತಕ್ಕೆ ಮಂಗಳೂರಿನಿಂದ ಫೋನ್. ನಮಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಯ ಎಂಜಿನಿಯರ್. "ಮೇಡಂ, ನಿಮ್ಮ ರೂಟ್ ಸರ್ಟಿಫಿಕೇಟ್ ಗುರುವಾರದಿಂದ ಚಾಲ್ತಿ ಅಂತಿದೆ. ನಾಲ್ಕರೊಳಗೆ ಸರಿಯಾದದ್ದು ಬರದಿದ್ರೆ ನಿಮ್ಮ ಲೈನ್ ಬಂದ್."

ಬಸ್ರೂರಿನಿಂದ ಕೊಲ್ಲೂರಿನವರೆಗೆ ಎರಡು ಸಾವಿರ ಮನೆಗೆ ನಮ್ಮದೇ ಲೈನು. ಈ ಇಂಟರ್ನೆಟ್ ವಿಳಾಸಗಳು ನಮ್ಮವು, ಬೇರೆ ಯಾರೋ ಕದ್ದು ತಮ್ಮ ಕಡೆ ತಿರುಗಿಸಿಕೊಂಡದ್ದಲ್ಲ ಎಂದು ಲೋಕಕ್ಕೆ ಸಾರುವ ಕಾಗದಗಳಿಗೆಲ್ಲ ಆ ರೂಟ್ ಸರ್ಟಿಫಿಕೇಟೇ ತಾಯಿಬೇರು.

ಅದನ್ನು ಮಾಡುವುದಕ್ಕೂ ನಮ್ಮ ಧಣಿ ಪ್ರೇಮಾನಂದಣ್ಣ ಭಟ್ರ ಹತ್ತಿರ ಮುಹೂರ್ತ ಕೇಳಿದ್ದರು. ಗುರುವಾರ ಬೆಳಿಗ್ಗೆಯಂತೆ! ಗಡುವು ಮಂಗಳವಾರ ಮಾರಾಯ್ರೆ ಅಂದೆ. "ಹಂಗಾರೆ ಕಂಪ್ಯೂಟರಿನ ಗಡಿಯಾರನೇ ಗುರುವಾರ ಮಾಡ್" ಎಂದು ಹೇಳಿ ಇವತ್ತು ಬೆಳಿಗ್ಗೆ ಬೈಂದೂರಿಗೆ ಹೊರಟರು. ನಾನೂ ಮಾಡಿದೆ. ಆರು ವರ್ಷ ಇದೇ ಕೆಲಸ ಮಾಡಿದವಳ ಬುದ್ಧಿ ಮೇಯಲು ಹೋಗಿತ್ತು.

ಹೊಸದು ಮಾಡಲು ಐದು ನಿಮಿಷ ಸಾಕು. ಆದರೆ ಪಾಸ್‌ವರ್ಡಿನ ಅರ್ಧ ನನ್ನ ತಲೆಯಲ್ಲಿ, ಇನ್ನರ್ಧ ಧಣಿಯ ಹೆಂಡತಿ ಸುಗುಣಕ್ಕನ ತಲೆಯಲ್ಲಿ. ಒಬ್ಬರಿಗೇ ಪೂರ್ತಿ ಸಿಗಬಾರದೆಂದು ಹಾಗೆ. ಬೆಳಿಗ್ಗೆ ಅವರೇ ಬಂದು ಒತ್ತಿ ಹೋಗಿದ್ದರು. ಈಗ ನೋಡಿದರೆ ರಾಹುಕಾಲ, ನಾಲ್ಕೂವರೆವರೆಗೂ. ಆ ಹೊತ್ತಿನಲ್ಲಿ ಅಕ್ಕ ಹೊಸ ಚಪ್ಪಲಿಯನ್ನೂ ಮೆಟ್ಟುವವರಲ್ಲ.

ಅವರ ಮನೆಗೆ ಓಡಿ ಹೋಗಿ ಎಲ್ಲ ಒಪ್ಪಿಕೊಂಡೆ. "ಅಕ್ಕ, ನೀವು ಟೈಪ್ ಮಾಡದಿದ್ರೆ ಎಲ್ಲ ಹೋಯ್ತು. ಅಣ್ಣನಿಗೆ ಫೋನ್ ಮಾಡ್ಲಾ?"

"ಬ್ಯಾಡ!" ಅಂದರು, ಎಷ್ಟು ಜೋರಾಗಿ ಅಂದರೆ ನಾನು ಬೆಚ್ಚಿಬಿದ್ದೆ.

ಗಂಟೆ ಮೂರೂ ನಲವತ್ತು. ಅಕ್ಕ ಆಫೀಸಿಗೆ ಬಂದು, ಬಾಗಿಲು ಹಾಕಿ ಕಂಪ್ಯೂಟರಿನ ಮುಂದೆ ಕುಳಿತರು. ನಾನು ಗಡಿಯಾರ ಸರಿಮಾಡಿ ನನ್ನ ಅರ್ಧ ಒತ್ತಿದೆ. ಅವರ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಅಯ್ಯೋ ದೇವರೇ, ಏಳುತ್ತಾರೇನೋ ಅಂದುಕೊಂಡೆ.

"ನಾನ್ ಹುಟ್ಟಿದ್ದೇ ರಾಹುಕಾಲದಗೆ, ವಿನಯಾ" ಅಂದರು. "ಜಾತಕ ಬರ್ಸುವಾಗ ಅಪ್ಪಯ್ಯ ಹುಟ್ಟಿದ ಗಂಟೆ ತಿದ್ಸಿರ್. ಇಲ್ದಿರೆ ಈ ಮನಿಗೆ ನನ್ನ ತರ್ತಿರ್ಲಿಲ್ಲ. ಇಪ್ಪತ್ತೆರಡ್ ವರ್ಷ ಆಯ್ತ್. ಇವ್ರಿಗೆ ಯಾರಾರೂ ಹೇಳ್ರೆ ಅಂದೇಳಿ ದಿನಾ ಹೆದರ್ತೆ."

ಅಕ್ಕ ಒಂದೊಂದೇ ಅಕ್ಷರ ಒತ್ತಿದರು. ಹೊಸದನ್ನು ಕಳಿಸಿದೆ; ಮೂರೂ ಐವತ್ತೆರಡಕ್ಕೆ ಮಂಗಳೂರಿನವರು ಸರಿ ಅಂದರು.

ಅಷ್ಟರಲ್ಲಿ ಅಕ್ಕನ ಫೋನ್ ಬಡಿಯಿತು. ಬೈಂದೂರಿನಿಂದ ಪ್ರೇಮಾನಂದಣ್ಣ. ಸರ್ಟಿಫಿಕೇಟಿಗೆ ವಿನಯಾ ಗುರುವಾರವನ್ನೇ ಹಾಕಿದ್ದಾಳಾ ಅಂತ ಅವರು ಕೇಳುವುದು ನನಗೂ ಕೇಳಿಸಿತು.

"ಹೂಂ" ಅಂದರು ಸುಗುಣಕ್ಕ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು. "ನೀವ್ ಹೇಳಿದ ಮುಹೂರ್ತದಗೇ ಆಯ್ತ್."