ಕೈ ಎತ್ತಿದರೆ ನಿಲ್ಲುವ ಬಸ್ಸು

ಬಸ್ಸಿನ ಮಾಲೀಕ ಕಂಠಪ್ಪ ತೀರಿಕೊಂಡಾಗ ಹುಣಸೂರಿನವರೆಲ್ಲ ಒಂದೇ ಮಾತಾಡಿಕೊಂಡರು: ಇನ್ನು ಅವರ ಹೆಂಡತಿ ಗುರುಶಾಂತಮ್ಮ ಬಸ್ಸುಗಳನ್ನು ಮಾರಿ ತವರು ಸೇರುತ್ತಾರೆ. ಆಕೆ ಮಾರಲೂ ಇಲ್ಲ, ತವರು ಸೇರಲೂ ಇಲ್ಲ. ಎರಡು ಬಸ್ಸುಗಳನ್ನು ಲೈನಿನ ಮೇಲೆ ಓಡಿಸಿದರು. ಕೆಟ್ಟು ಕೂತಿದ್ದ ಮೂರನೆಯದರ ಎಂಜಿನ್ ಬಿಚ್ಚಿಸಿ ರೇಸಿನ ಕಾರು ಕಟ್ಟಿಸಿದರು! ಐವತ್ತಮೂರನೇ ಇಸವಿಯಲ್ಲಿ, ಅದೂ ಗಂಡ ಸತ್ತ ಹೆಂಗಸು. ಊರು ಮೂಗಿನ ಮೇಲೆ ಬೆರಳಿಟ್ಟಿತು. ಇಟ್ಟುಕೊಳ್ಳಲಿ ಬಿಡಿ, ಬೆರಳೂ ಅವರದು, ಮೂಗೂ ಅವರದು.

ಕಾರು ಕಟ್ಟಿದವನು ಮೆಕ್ಯಾನಿಕ್ ಮಹದೇವಯ್ಯ. ಸೀಟಿಗೆ ಮರದ ಡಿಪೋದ ತೇಗದ ಹಲಗೆ. ಓಡಿಸಿದವನು ಹುಣಸೂರು-ಕೋಟೆ ಲೈನಿನ ಡ್ರೈವರ್ ಬೆಟ್ಟಸ್ವಾಮಿ, ದಾರಿಯಲ್ಲಿ ಯಾರು ಕೈ ಎತ್ತಿದರೂ ಬಸ್ಸು ನಿಲ್ಲಿಸುವ ಪುಣ್ಯಾತ್ಮ. ಬೆಂಗಳೂರಿನ ಮೊದಲ ರೇಸಿನಲ್ಲಿ ಆ ಪುಣ್ಯವೇ ಮುಳುವಾಯಿತು. ಎಲ್ಲರಿಗಿಂತ ಮುಂದಿದ್ದವನು, ಕೊನೇ ಸುತ್ತಿನಲ್ಲಿ ಜನರ ನಡುವೆ ಯಾರೋ ಖುಷಿಯಿಂದ ಕೈ ಎತ್ತಿದ್ದೇ ತಡ, ಗಕ್ಕನೆ ಬ್ರೇಕ್ ಒತ್ತಿಬಿಟ್ಟ. ಹಿಂದಿನವರೆಲ್ಲ ಭರ್ರನೆ ದಾಟಿ ಹೋದರು. "ಹುಣಸೂರು ಬಸ್ಸು ಬಂತು, ಟಿಕೆಟ್ ಟಿಕೆಟ್!" ಎಂದು ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗುರುಶಾಂತಮ್ಮನಿಗೆ ಮೈ ಉರಿದುಹೋಯಿತು. ಮದರಾಸಿನ ರೇಸು ಗೆದ್ದು ಅಲ್ಲಿನ ದೊಡ್ಡ ಬೆಳ್ಳಿ ಕಪ್ಪು ತಮ್ಮ ಶೆಡ್ಡಿಗೆ ಬರುವವರೆಗೆ ಬಿಡುವುದಿಲ್ಲ ಎಂದು ಹಟ ತೊಟ್ಟರು. ವೀರನಹೊಸಹಳ್ಳಿ ರಸ್ತೆಯ ಉದ್ದಕ್ಕೂ ಶೆಡ್ಡಿನ ಆಳುಗಳನ್ನು ಕೈ ಎತ್ತಿಸಿ ನಿಲ್ಲಿಸಿದರು. ತಾವೂ ಸೆರಗು ಸಿಕ್ಕಿಸಿ ನಿಂತು, "ನಿಲ್ಸೋ ಬೆಟ್ಟಸ್ವಾಮಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅವರು ಕೂಗಿದಷ್ಟೂ ಅವನು ಆಕ್ಸಿಲರೇಟರ್ ಒತ್ತಬೇಕು. ಮೊದಮೊದಲು ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕೊನೆಗೊಂದು ದಿನ ಆಕೆಯ ಮುಖಕ್ಕೆ ಧೂಳೆರಚಿ ಹೊರಟೇಹೋದ. ಗುರುಶಾಂತಮ್ಮ ಧೂಳಿನಲ್ಲೇ ಚಪ್ಪಾಳೆ ತಟ್ಟಿ ನಕ್ಕರು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಬೆಂಗಳೂರು ಗೆದ್ದರು, ಕೊಯಮತ್ತೂರು ಗೆದ್ದರು. ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಕಾರುಗಳು ನಮ್ಮ ತೇಗದ ಹಲಗೆಯ ಹಿಂದೆ ಹೊಗೆ ಕುಡಿದವು. ಪಿರಿಯಾಪಟ್ಟಣದ ತಂಬಾಕು ಮಂಡಿಯಲ್ಲಿ ಬೆಟ್ಟಸ್ವಾಮಿಯ ಫೋಟೋ ಗೋಡೆ ಏರಿತು. ಎಂಥಾ ಜನ ಅವರು! ಉಳಿದದ್ದು ಮದರಾಸು ಒಂದೇ.

ಅಲ್ಲಿಗೆ ಹೊರಡುವ ಹಿಂದಿನ ವಾರ ಗುರುಶಾಂತಮ್ಮ ಕೋಟೆಯಿಂದ ತಮ್ಮದೇ ಬಸ್ಸಿನಲ್ಲಿ ಬರುತ್ತಿದ್ದರು. ಓಡಿಸುತ್ತಿದ್ದವನು ಬೆಟ್ಟಸ್ವಾಮಿ. ಗುರುಪುರದ ಹತ್ತಿರ ಚಿಕ್ಕಬೀರಮ್ಮ ಎಂಬ ಮುದುಕಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಕೈ ಎತ್ತಿದಳು. ಬಸ್ಸು ನಿಲ್ಲಲಿಲ್ಲ.

"ನಿಲ್ಸೋ ಬೆಟ್ಟಸ್ವಾಮಿ!" ಎಂದು ಗುರುಶಾಂತಮ್ಮ ಕಿರುಚಿದರು. ಆ ಕೂಗು ಕಿವಿಗೆ ಬಿದ್ದದ್ದೇ ಬಸ್ಸು ಇನ್ನಷ್ಟು ಜೋರಾಗಿ ಓಡಿತು.

ಕಂಡಕ್ಟರ್ ಭುಜ ಹಿಡಿದು ಅಲುಗಿಸಿದ ಮೇಲೆ ನಿಂತಿತು. ಹಿಂದಕ್ಕೆ ಹೋಗಿ ಹತ್ತಿಸಿಕೊಂಡರು. ಮಗುವಿನ ಮೈ ಕೆಂಡವಾಗಿತ್ತು.

"ನಿಮ್ ಬಸ್ಸು ಯಾವತ್ತೂ ನಿಲ್ದೆ ಓಗಿರ್ನಿಲ್ಲ ಕಣವ್ವ. ಅದ್ನೇ ನಂಬ್ಕಂಡು ನಿಂತಿದ್ದೆ," ಎಂದಳು ಚಿಕ್ಕಬೀರಮ್ಮ. ಬೈಗುಳವಲ್ಲ, ಇದ್ದದ್ದನ್ನು ಹೇಳಿದಳು.

ಆಸ್ಪತ್ರೆಯಲ್ಲಿ ಮಗು ಕಣ್ಣು ಬಿಟ್ಟಾಗ ಬೆಟ್ಟಸ್ವಾಮಿ ಅಳುತ್ತಿದ್ದ. "ಅಮ್ಮಾರೇ, ನಿಮ್ ದನಿ ಕೇಳುದ್ರೆ ಕಾಲು ಒತ್ಕಂಡೇ ಓಯ್ತದೆ. ನಾನೇನ್ ಮಾಡ್ಲಿ?"

"ಲೈನ್ ಬುಟ್ಬುಡ್ಲಿ ಅಮ್ಮಾರೇ, ಬರೀ ರೇಸು ಓಡುಸ್ಲಿ. ಬಸ್ಸಿಗೆ ಬೇರೆ ಡ್ರೈವರ್ ಸಿಗ್ತಾನೆ," ಎಂದ ಸುದ್ದಿ ಕೇಳಿ ಓಡಿಬಂದಿದ್ದ ಮಹದೇವಯ್ಯ.

"ಲೈನ್ ಬುಟ್ಟು ನಾನಿರಾಕಿಲ್ಲ," ಎಂದ ಬೆಟ್ಟಸ್ವಾಮಿ.

ಮದರಾಸಿನ ಆ ಕಪ್ಪು ಗುರುಶಾಂತಮ್ಮನಿಗೆ ಬೇಕಿತ್ತು. ಜೀವಮಾನದಲ್ಲಿ ಬೇರೇನೂ ಅಷ್ಟು ಬೇಕೆನಿಸಿರಲಿಲ್ಲ. ಆದರೆ ಬೆಟ್ಟಸ್ವಾಮಿಯ ಕಾಲನ್ನು ಕೆಡಿಸಿದ್ದು ತಮ್ಮ ಗಂಟಲೇ ಅಲ್ಲವೇ?

"ಕಾರಿನ ಎಂಜಿನ್ ಬಿಚ್ಚಿ ಆ ಹಳೇ ಬಸ್ಸಿಗೇ ಹಾಕ್ಬುಡು ಮಹದೇವಯ್ಯ," ಎಂದರು.

ಮದರಾಸಿನಲ್ಲಿ ರೇಸು ನಡೆದ ದಿನ ಅವರು ವೀರನಹೊಸಹಳ್ಳಿ ರಸ್ತೆಯಲ್ಲಿ ಕೈ ಎತ್ತಿ ನಿಂತಿದ್ದರು. ಅದೇ ಎಂಜಿನ್ನಿನ ಬಸ್ಸು ಖಾಲಿಯಾಗಿ ಬಂತು. ಈ ಸಲ ಕೂಗಿದರೆ ಅವನು ನಿಲ್ಲಿಸಬೇಕು. "ನಿಲ್ಸೋ ಬೆಟ್ಟಸ್ವಾಮಿ!" ದಾಟಿ ಹೋಯಿತು. ತಿರುಗಿಸಿಕೊಂಡು ಬಂದ. ಮತ್ತೆ ದಾಟಿತು. ಬಿಸಿಲೇರಿತು, ದನಿ ಒಡೆಯಿತು, ಆಕೆ ಜಗ್ಗಲಿಲ್ಲ. ಅವನೂ ಸಾಕೆನ್ನಲಿಲ್ಲ.

ಸಂಜೆಯ ಹೊತ್ತಿಗೆ ಬಸ್ಸು ಕಿರ್ರೆಂದು ಆಕೆಯ ಪಕ್ಕದಲ್ಲೇ ನಿಂತಿತು. ಗುರುಶಾಂತಮ್ಮ ಕಣ್ಣೊರೆಸಿಕೊಂಡು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು.

"ಹುಣಸೂರಿಗೆ ಒಂದು ಟಿಕೆಟ್ ಕೊಡಪ್ಪ," ಎಂದರು.