ಮದ್ರಾಸಿಗೆ ಎರಡು ಸೀಟು

ಜೆಟ್ ವಿಮಾನದ ಬಗ್ಗೆ ನನ್ನ ಗಂಡನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಬರೋಡಾದ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವ ಹಯವದನರಾಯರಿಗೆ ಅಹಮದಾಬಾದ್, ಸೂರತ್ ಅಂತ ಎಲ್ಲ ಕಡೆಯಿಂದಲೂ ಭಾಷಣಕ್ಕೆ ಕರೆ ಬರುತ್ತಿತ್ತು. ಅರವತ್ತೇಳನೇ ಇಸವಿಯ ಆ ಭಾನುವಾರ ಸೂರತ್ತಿಗೆ ನಾನೂ ಹೋಗಿದ್ದೆ.

ಪ್ರಯಾಣಿಕರ ಮೊದಲ ಜೆಟ್ ಕಾಮೆಟ್ಟಿನ ಕಥೆಯನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳಿದರು. ಪ್ರತಿ ಸಲ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಉಬ್ಬುವುದು, ಇಳಿದಾಗ ಕುಗ್ಗುವುದು. ಹಾಗೆ ದಣಿದ ಲೋಹ ಆಕಾಶದಲ್ಲೇ ಬಿರಿಯಿತು. ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿ ಕಾರಣ ಹುಡುಕಿದರು. ಆಮೇಲಿನ ಜೆಟ್ಟುಗಳು ಗಟ್ಟಿಯಾದವು. ನಮ್ಮ ದೇಶಕ್ಕೆ ಬಂದಿರುವ ಕ್ಯಾರವೆಲ್ ಜೆಟ್ಟಿನಲ್ಲಿ ಕೂರುವುದು ಟಾಂಗಾಕ್ಕಿಂತ ಕ್ಷೇಮ ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.

ಸೋಮವಾರ ಟೆಲಿಗ್ರಾಂ ಬಂತು. ತವರಲ್ಲಿ ನನಗುಳಿದಿದ್ದ ಒಬ್ಬಳೇ ತಂಗಿ, ನಾನೇ ಎತ್ತಿ ಆಡಿಸಿದ ನಳಿನಿ ಗಂಡನ ಜೊತೆ ಸಿಂಗಪುರಕ್ಕೆ ಹೊರಟಿದ್ದಳು. ಗುರುವಾರ ಬೆಳಿಗ್ಗೆ ಮದ್ರಾಸಿನಿಂದ ಹಡಗು. ಮತ್ತೆ ಎಷ್ಟು ವರ್ಷಕ್ಕೋ! ರೈಲು ನಂಬಿಕೊಂಡರೆ ಖಾಲಿ ಸಮುದ್ರ ನೋಡಿ ಬರಬೇಕು. ಬೊಂಬಾಯಿಯಿಂದ ಜೆಟ್ ಹಿಡಿದರೆ ಮಾತ್ರ ಸಿಗುತ್ತಿದ್ದಳು.

"ಎರಡು ಸೀಟು ಹೇಳಿ," ಅಂದೆ.

"ನೋಡ್ತೀನಿ," ಅಂದರು.

ಸಂಜೆ ಬಂದು, "ಸೀಟು ಇಲ್ವಂತೆ, ನಾಳೆ ವಿಚಾರಿಸ್ತೀನಿ," ಅಂದರು. ಮಂಗಳವಾರವೂ ಅದೇ ರಾಗ. ಕಟ್ಟಿಟ್ಟ ಪೆಟ್ಟಿಗೆ ನೋಡಿ ನೋಡಿ ನನ್ನ ತಲೆ ಚಿಟ್ಟು ಹಿಡಿಯಿತು. ಬುಧವಾರ ಬೆಳಿಗ್ಗೆ ನಾನೇ ಚಪ್ಪಲಿ ಮೆಟ್ಟಿಕೊಂಡು ಟಿಕೆಟ್ ಆಫೀಸಿಗೆ ನಡೆದೆ.

"ನಿನ್ನೆ ಸಂಜೆವರೆಗೂ ಸೀಟಿತ್ತು, ಬೆಹೆನ್‌ಜಿ," ಅಂದ ಅಲ್ಲಿನ ಗುಮಾಸ್ತ, ಹಿಂದಿಯಲ್ಲಿ. "ಯಾರೂ ಕೇಳ್ಲೇ ಇಲ್ಲ. ಇವತ್ತು ನೀವು ಬೊಂಬಾಯಿ ಮುಟ್ಟೋದ್ರೊಳಗೆ ವಿಮಾನ ಮದ್ರಾಸಲ್ಲಿರುತ್ತೆ."

ಮನೆಗೆ ಹೇಗೆ ಬಂದೆನೋ ತಿಳಿಯದು. ಇವರು ಕೋಟು ತೊಟ್ಟು ಕಾಲೇಜಿಗೆ ಹೊರಟಿದ್ದರು.

"ನೀವು ಆ ಆಫೀಸಿನ ಮೆಟ್ಟಿಲೇ ಹತ್ತಿಲ್ವಂತಲ್ಲ!"

ಕೋಟಿನಲ್ಲೇ ಕುರ್ಚಿಗೆ ಕುಸಿದರು. "ನಂಗೆ ಭಯ ಕಣೆ, ಸುಮಿತ್ರಾ. ಆ ಕಾಮೆಟ್ಟಿನ ಬಿರುಕಿನ ಫೋಟೋಗಳನ್ನ ಭಾಷಣದಲ್ಲಿ ನಾನೇ ಎಷ್ಟು ಸಲ ತೋರಿಸಿಲ್ಲ? ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ."

"ಸೂರತ್ತಿನವರಿಗೆ ಟಾಂಗಾಕ್ಕಿಂತ ಕ್ಷೇಮ, ನಮಗೆ ಮಾತ್ರ ಭಯಾನಾ?"

ಅವರು ಕೋಟಿನ ಗುಂಡಿ ಬಿಚ್ಚತೊಡಗಿದರು.

"ಸೋಮವಾರವೇ ಬಾಯಿಬಿಟ್ಟು ಹೇಳಿದ್ರೆ ನಾನೊಬ್ಬಳೇ ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ," ಅಂದರು.

ಬೇರೆ ಹೆಂಗಸಾಗಿದ್ದರೆ ಇಷ್ಟು ಪ್ರೀತಿಯಿದೆಯಲ್ಲ ಅಂತ ಕರಗುತ್ತಿದ್ದಳೋ ಏನೋ. ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ, ತವರಿನವರು ಒಬ್ಬರೂ ಇಲ್ಲದೆ, ನಳಿನಿ ಹಡಗು ಹತ್ತಿದಳು.